ಹೃದಯ ರೋಗಿಯ ಮನೆಗೆ ತೂಕದ ಯಂತ್ರ, ಬಿಪಿ ಮಿಷನ್, ಆಕ್ಸಿಮೀಟರ್: ಯಾವುದನ್ನು ಎಷ್ಟು ನಂಬಬೇಕು

ಹೃದಯ ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಕೂಡಲೇ ಮನೆಯವರು ಮೆಡಿಕಲ್ ಅಂಗಡಿಯಿಂದ ಬಿಪಿ ಮಿಷನ್ ತರುತ್ತಾರೆ, ಜೊತೆಗೆ ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್. ತೂಕದ ಯಂತ್ರ ತರುವವರು ಕಡಿಮೆ. ಹೃದಯದ ಪಂಪು ಸೋತು ಮೈಯಲ್ಲಿ ನೀರು ನಿಲ್ಲುವ ತೊಂದರೆ, ಅಂದರೆ ಹೃದಯ ವೈಫಲ್ಯ ಇದ್ದವರ ಮನೆಯಲ್ಲಿ ಈ ಕ್ರಮ ತಿರುವುಮುರುವಾಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊದಲು ತೂಕದ ಯಂತ್ರ, ಆಮೇಲೆ ಬಿಪಿ ಮಿಷನ್, ಕೈಯಲ್ಲಿ ದುಡ್ಡು ಮಿಕ್ಕಿದರೆ ಆಕ್ಸಿಮೀಟರ್.

ಕಾರವಾರ, ಕುಮಟಾ, ಶಿರಸಿ ಪೇಟೆಗಳಲ್ಲಿ ಸಾಮಾನ್ಯವಾಗಿ ಸಿಗುವ ಸಾಮಾನುಗಳನ್ನು ಶುಶ್ರೂಷೆಯ ದೃಷ್ಟಿಯಿಂದ ನೋಡಿ ಇದನ್ನು ಬರೆಯುತ್ತಿದ್ದೇವೆ. ಕಂಪನಿಗಳ ಹೆಸರು ಬೇಡ. ಒಂದೇ ಕಂಪನಿಯಲ್ಲಿ ಒಳ್ಳೆಯ ಮಾದರಿಯೂ ಇರುತ್ತದೆ, ಉಪಯೋಗಕ್ಕೆ ಬಾರದ್ದೂ ಇರುತ್ತದೆ. ಈ ಲೆಕ್ಕಾಚಾರ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೆಚ್ಚು ಮುಖ್ಯ. ಹೃದಯದ ದೊಡ್ಡ ಚಿಕಿತ್ಸೆ ಅಂದರೆ ನಮ್ಮವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಹೊರಡಬೇಕು. ಮಳೆಗಾಲದಲ್ಲಿ ಆ ದಾರಿಯನ್ನೂ ನೆಚ್ಚುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ 66ನೇ ರಾಷ್ಟ್ರೀಯ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಇಂಥ ಊರಿನಲ್ಲಿ ರೋಗ ಉಲ್ಬಣಿಸುವುದನ್ನು ಎರಡು ದಿನ ಮೊದಲೇ ಹಿಡಿಯುವ ಸಾಮಾನಿಗೆ ಬೆಲೆ ಹೆಚ್ಚು. ಆ ಕೆಲಸ ಮಾಡುವುದು ತೂಕದ ಯಂತ್ರ.

ಕಾರಣ ಸರಳ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಮೈಯಲ್ಲಿ ಸುಮಾರು ಎರಡೂವರೆ-ಮೂರು ಲೀಟರ್ ನೀರು ನಿಂತ ಮೇಲಷ್ಟೇ ಕಾಲಿನ ಬಾವು ಕಣ್ಣಿಗೆ ಕಾಣತೊಡಗುತ್ತದೆ. ಏದುಸಿರು ಅದಕ್ಕೂ ಮೊದಲು ಬರಬಹುದು, ಆದರೆ "ವಯಸ್ಸಾಯ್ತು, ಮೆಟ್ಟಿಲು ಹತ್ತಿದ್ದಕ್ಕೆ ದಮ್ಮು" ಎಂದು ಎಲ್ಲರೂ ಅದನ್ನು ತಳ್ಳಿಹಾಕುತ್ತಾರೆ. ತೂಕದ ಅಂಕಿಯನ್ನು ಹಾಗೆ ತಳ್ಳಿಹಾಕಲು ಆಗುವುದಿಲ್ಲ. ಉದಾಹರಣೆಗೆ ಗೋಡೆಯ ಕ್ಯಾಲೆಂಡರಿನಲ್ಲಿ ಸೋಮವಾರ 58.2, ಮಂಗಳವಾರ 58.4, ಬುಧವಾರ 59.1, ಗುರುವಾರ 60.3 ಎಂದು ಬರೆದಿದೆ ಅಂದುಕೊಳ್ಳಿ. ಅಜ್ಜನ ಕಾಲು ನೋಡಿದರೆ ಏನೂ ಇಲ್ಲ, ಊಟ ಎಂದಿನಂತೆ, ಬಿಪಿಯೂ ಹೆಚ್ಚುಕಡಿಮೆ ಅಷ್ಟೇ. ಆದರೂ ಮೂರು ದಿನದಲ್ಲಿ ಎರಡು ಕೆಜಿಗೂ ಮಿಕ್ಕಿ ಏರಿದೆ. ಅದು ಕೊಬ್ಬಲ್ಲ, ನೀರು. ವೈದ್ಯರಿಗೆ ಫೋನ್ ಹೋಗಬೇಕಾದದ್ದು ಗುರುವಾರ ಬೆಳಿಗ್ಗೆಯೇ. ಶನಿವಾರ ರಾತ್ರಿ ಮಲಗಲಾಗದೆ ಎದ್ದು ಕೂತ ಮೇಲಲ್ಲ. ಒಂದೇ ದಿನದಲ್ಲಿ 1 ಕೆಜಿಗಿಂತ ಹೆಚ್ಚು ಅಥವಾ ಒಂದು ವಾರದಲ್ಲಿ 2 ಕೆಜಿಗಿಂತ ಹೆಚ್ಚು ಏರಿದರೆ ತಿಳಿಸಿ ಎಂಬುದು ಸಾಮಾನ್ಯ ಸೂತ್ರ. ನಿಮ್ಮ ವೈದ್ಯರು ಬೇರೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ.

ಕೊಳ್ಳುವಾಗ ಮುಳ್ಳು ತಿರುಗುವ ಸ್ಪ್ರಿಂಗ್ ತಕ್ಕಡಿ ಬೇಡ. ಅದರಲ್ಲಿ ಗೆರೆಗಳು ಅರ್ಧ ಅಥವಾ ಒಂದು ಕೆಜಿಗೆ ಒಂದು, ನಮಗೆ ಹಿಡಿಯಬೇಕಾದ ಏರಿಕೆಯೇ ಅಷ್ಟು. ಮೇಲಾಗಿ ಕಡಲ ಗಾಳಿಗೆ ಸ್ಪ್ರಿಂಗ್ ತುಕ್ಕು ಹಿಡಿದು ಸೊನ್ನೆಯ ಜಾಗ ಬಿಟ್ಟು ಸರಿಯುತ್ತದೆ. 100 ಗ್ರಾಂ ತೋರಿಸುವ ಡಿಜಿಟಲ್ ಯಂತ್ರ ಸಾಕು, ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಕೊಬ್ಬು, ಮೂಳೆ, ನೀರಿನ ಶೇಕಡಾ ಎಂದೆಲ್ಲ ತೋರಿಸುವ ದುಬಾರಿ ಯಂತ್ರಕ್ಕೆ ದುಡ್ಡು ಹಾಕಬೇಡಿ. ಅವು ಪಾದದ ಮೂಲಕ ಮೈಗೆ ಸಣ್ಣ ವಿದ್ಯುತ್ ಹರಿಸಿ ಅಂದಾಜು ಮಾಡುವ ಅಂಕಿಗಳು. ಪೇಸ್‌ಮೇಕರ್ ಇದ್ದವರು ಅವನ್ನು ಬಳಸಬಾರದೆಂದು ತಯಾರಕರೇ ಸೂಚಿಸಿರುತ್ತಾರೆ. ಅಂಕಿ ದೊಡ್ಡದಾಗಿರಲಿ, ಮೇಲ್ಮೈ ಜಾರದಂತಿರಲಿ.

ಡಿಜಿಟಲ್ ಯಂತ್ರದ ನಾಲ್ಕು ಕಾಲಿನೊಳಗೂ ಒಂದೊಂದು ಸಂವೇದಕ ಇರುತ್ತದೆ. ನಾಲ್ಕೂ ಸಮವಾಗಿ ಊರಿದರೆ ಮಾತ್ರ ಲೆಕ್ಕ ಸರಿ. ಹಳೆಯ ಮನೆಗಳ ಗಾರೆ ನೆಲ, ಸಗಣಿ ಸಾರಿಸಿದ ಜಗುಲಿ, ಚಾಪೆ, ಕಂಬಳಿ ಇವೆಲ್ಲದರ ಮೇಲೆ ತೂಕ ತಪ್ಪುತ್ತದೆ. ಸಪಾಟು ಟೈಲ್ಸ್ ಮೇಲೋ ಗಟ್ಟಿ ಹಲಗೆಯ ಮೇಲೋ ಇಡಿ, ಇಟ್ಟ ಜಾಗ ಬದಲಿಸಬೇಡಿ. ಸರಿಸಬೇಕಾಗಿ ಬಂದರೆ ಒಮ್ಮೆ ಹತ್ತಿ ಇಳಿದು, ಸೊನ್ನೆ ಬಂದ ಮೇಲೆ ಎರಡನೇ ಸಲದ ಅಂಕಿಯನ್ನು ಬರೆದುಕೊಳ್ಳಿ. ಯಂತ್ರ ಸರಿಯಿದೆಯೇ ಎಂದು ನೋಡಲು ಬಿಚ್ಚದ 10 ಕೆಜಿ ಅಕ್ಕಿ ಚೀಲ ಸಾಕು: ಮನೆಯಲ್ಲಿ ಗಟ್ಟಿಮುಟ್ಟಾದವರೊಬ್ಬರು ಬರಿಗೈಯಲ್ಲಿ ಒಮ್ಮೆ, ಚೀಲ ಎತ್ತಿಕೊಂಡು ಒಮ್ಮೆ ನಿಲ್ಲಬೇಕು. ವ್ಯತ್ಯಾಸ 10ರ ಹತ್ತಿರ ಇರಬೇಕು.

ತೂಕ ನೋಡುವ ಹೊತ್ತು ಬೆಳಿಗ್ಗೆ, ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ದಿನವೂ ಅಷ್ಟೇ ಬಟ್ಟೆಯಲ್ಲಿ. ನಿಲ್ಲಲು ಅಳುಕುವವರಿಗೆ ಪಕ್ಕದಲ್ಲಿ ಕುರ್ಚಿ ಇಡಿ, ಹತ್ತುವಾಗ ಹಿಡಿದುಕೊಳ್ಳಲಿ. ಅಂಕಿ ಬರುವಾಗ ಮಾತ್ರ ಕೈ ಬಿಡಬೇಕು, ಇಲ್ಲವಾದರೆ ತೂಕ ಕಡಿಮೆ ತೋರಿಸುತ್ತದೆ.

ತೂಕ ಏರಿದ ದಿನ ಯಂತ್ರ ಬಿಟ್ಟು ರೋಗಿಯನ್ನು ನೋಡಿ. ಮೊಣಕಾಲಿನ ಕೆಳಗೆ ಮುಂಗಾಲಿನ ಎಲುಬಿನ ಮೇಲೆ ಹೆಬ್ಬೆರಳಿನಿಂದ ಐದು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಒತ್ತಿ ಬಿಡಿ. ಗುಳಿ ಬಿದ್ದು ಹಾಗೇ ನಿಂತರೆ ನೀರು ನಿಂತಿದೆ ಎಂದು ಅರ್ಥ. ಹಾಸಿಗೆ ಹಿಡಿದವರಲ್ಲಿ ನೀರು ಕಾಲಿಗೆ ಇಳಿಯುವುದಿಲ್ಲ, ಸೊಂಟದ ಕೆಳಗೆ ಬೆನ್ನಿನ ತುದಿಯಲ್ಲಿ ಸೇರುತ್ತದೆ. ಅಲ್ಲಿ ಒತ್ತಿ ನೋಡಬೇಕು. ರಾತ್ರಿ ಎಷ್ಟು ದಿಂಬು ಬೇಕಾಯಿತು, ಮಲಗಿದ ಒಂದೆರಡು ತಾಸಿನಲ್ಲಿ ಉಸಿರು ಕಟ್ಟಿ ಎದ್ದು ಕೂತರೇ, ಮೂತ್ರ ಕಡಿಮೆಯಾಯಿತೇ ಎಂದು ಕೇಳಿ. ಬಿಪಿಗೆ ಕೊಡುವ ಆಮ್ಲೋಡಿಪಿನ್ ಗುಳಿಗೆಯಿಂದಲೂ ಪಾದ ಬಾತುಕೊಳ್ಳುತ್ತದೆ. ಅದರಲ್ಲಿ ದಮ್ಮು ಇರುವುದಿಲ್ಲ, ತೂಕವೂ ಹೀಗೆ ದಡದಡನೆ ಏರುವುದಿಲ್ಲ. ಎರಡರ ಫರಕು ಹೇಳುವುದೂ ತೂಕದ ಪಟ್ಟಿಯೇ.

ಏರಿಕೆಗೆ ಕಾರಣ ಹುಡುಕಿದರೆ ಹೆಚ್ಚಿನ ಸಲ ಸಿಗುವುದು ಎರಡು: ಬಿಟ್ಟುಹೋದ ನೀರಿನ ಗುಳಿಗೆ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಗುಳಿಗೆ) ಅಥವಾ ಉಪ್ಪು. ಇಡೀ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚೆಯಷ್ಟು ಉಪ್ಪು ಮಿತಿ. ಮಳೆಗಾಲದಲ್ಲಿ ಗಂಜಿಯ ಜೊತೆ ಒಣಮೀನು ಅಥವಾ ಅಪ್ಪೆಮಿಡಿ ಉಪ್ಪಿನಕಾಯಿ, ಮೇಲೆ ಹಪ್ಪಳ, ಕೊನೆಗೆ ಉಪ್ಪು ಹಾಕಿದ ಮಜ್ಜಿಗೆ ಆದರೆ ಆ ಮಿತಿ ಒಂದು ಹೊತ್ತಿನ ಊಟದಲ್ಲೇ ಮುಗಿಯಬಹುದು. ಇದಕ್ಕೆ ಪರಿಹಾರವೆಂದು ಕೆಲವು ಅಂಗಡಿಗಳಲ್ಲಿ ಕಡಿಮೆ ಸೋಡಿಯಂ ಉಪ್ಪು ಕೊಡುತ್ತಾರೆ. ಅದರಲ್ಲಿ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಗುಳಿಗೆ ತೆಗೆದುಕೊಳ್ಳುವವರಿಗೆ, ಕಿಡ್ನಿ ಸೋತವರಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಹದ ತಪ್ಪಬಹುದು. ವೈದ್ಯರನ್ನು ಕೇಳದೆ ಆ ಉಪ್ಪು ಬೇಡ. ಎಳನೀರಿನಲ್ಲೂ ಪೊಟ್ಯಾಸಿಯಂ ಇರುವುದರಿಂದ, ದಿನಕ್ಕೆರಡು ಎಳನೀರಿನ ಅಭ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಇನ್ನು ಬಿಪಿ ಮಿಷನ್. ತೋಳಿಗೆ ಕಟ್ಟುವುದನ್ನೇ ಕೊಳ್ಳಿ, ಮಣಿಕಟ್ಟಿನದು ಬೇಡ. ಮಣಿಕಟ್ಟು ಹೃದಯದ ಮಟ್ಟದಿಂದ 10 ಸೆಂಟಿಮೀಟರ್ ಕೆಳಗಿದ್ದರೆ ಅಂಕಿ 7-8 ಹೆಚ್ಚು ತೋರಿಸುತ್ತದೆ, ಮೇಲಿದ್ದರೆ ಅಷ್ಟೇ ಕಡಿಮೆ. ತೋಳಿನ ಯಂತ್ರದ ಪೆಟ್ಟಿಗೆಯ ಮೇಲೆ ಏನೇ ಅಚ್ಚಾಗಿದ್ದರೂ, ಆ ಮಾದರಿಯ ಸಂಖ್ಯೆ ಸ್ಟ್ರೈಡ್ ಬಿಪಿ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದೆಯೇ ಎಂದು ಮೊಬೈಲಿನಲ್ಲಿ ನೋಡಿ ಆಮೇಲೆ ದುಡ್ಡು ಕೊಡಿ. ನಿಖರತೆಯ ಪರೀಕ್ಷೆ ಪಾಸಾದ ಮಾದರಿಗಳು ಅಲ್ಲಿವೆ.

ಜನ ಎಡವುವುದು ತೋಳಿಗೆ ಸುತ್ತುವ ಪಟ್ಟಿಯ ಅಳತೆಯಲ್ಲಿ. ಭುಜದ ತುದಿಗೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆ ತೆಗೆಯಿರಿ. ಯಂತ್ರದ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿಗೆ ಆಗುವಂಥದ್ದು. ದಪ್ಪ ತೋಳಿಗೆ ಅದನ್ನೇ ಬಿಗಿದರೆ ಇಲ್ಲದ ಬಿಪಿ ತೋರಿಸುತ್ತದೆ, ಗುಳಿಗೆಯ ಡೋಸ್ ಸುಮ್ಮನೆ ಏರುತ್ತದೆ. 22-42ರ ಪಟ್ಟಿ ಇರುವ ಮಾದರಿ ಸಿಕ್ಕರೆ ಅದನ್ನೇ ಆರಿಸಿ.

ಅಳೆಯುವ ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಅದಕ್ಕೂ ಮೊದಲಿನ ಅರ್ಧ ತಾಸು ಚಾ, ಕಾಫಿ, ಬೀಡಿ, ಕವಳ ಇಲ್ಲ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ, ಕೈ ಹೃದಯದ ಮಟ್ಟದಲ್ಲಿ ಮೇಜಿನ ಮೇಲೆ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ, ಅಂಗಿಯ ತೋಳಿನ ಮೇಲೆ ಕಟ್ಟಬೇಡಿ. ಪಟ್ಟಿ ಉಬ್ಬುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆಯಿರಿ. ಮೊದಲ ದಿನ ಎರಡೂ ಕೈಯಲ್ಲಿ ನೋಡಿ, ಹೆಚ್ಚು ತೋರಿಸಿದ ಕೈಯಲ್ಲೇ ಮುಂದುವರಿಸಿ. ಡಯಾಲಿಸಿಸ್‌ಗೆ ಫಿಸ್ಟುಲಾ (ರಕ್ತನಾಳಗಳ ಜೋಡಣೆ) ಮಾಡಿದ ಕೈಗೆ ಪಟ್ಟಿ ಕಟ್ಟಲೇಬಾರದು.

ಈ ಯಂತ್ರದಿಂದ ಮನೆಯವರು ಪಡೆಯದೆ ಬಿಡುವ ಉಪಯೋಗ ಒಂದಿದೆ: ನಿಂತಾಗಿನ ಬಿಪಿ. ನೀರಿನ ಗುಳಿಗೆ, ಬಿಪಿ ಗುಳಿಗೆ ಎರಡೂ ಇರುವವರು ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಮಲಗಿದಾಗ ಒಮ್ಮೆ, ಎದ್ದು ನಿಂತು ಒಂದು ಮತ್ತು ಮೂರು ನಿಮಿಷಕ್ಕೆ ಒಮ್ಮೊಮ್ಮೆ ಅಳೆಯಿರಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ಹೇಳಬೇಕಾದ ವಿಷಯ ಅದು. ಅಳೆಯುವಾಗ ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಬಡಿತ ಹದ ತಪ್ಪಿರುವ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ ಇರುವ ರೋಗಿಯಲ್ಲಿ ಈ ಯಂತ್ರ ತಡವರಿಸುತ್ತದೆ. ಅದು ನಾಡಿಯ ಕಂಪನದಿಂದ ಲೆಕ್ಕ ಕಟ್ಟುವ ಯಂತ್ರ. ಕಂಪನ ಒಂದೊಂದು ಒಂದೊಂದು ತರ ಇದ್ದರೆ ಅಂಕಿಯೂ ಹಾಗೆಯೇ ಬರುತ್ತದೆ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ನಾಡಿಯ ಸಂಖ್ಯೆಗೆ ಯಂತ್ರವನ್ನು ನಂಬದೆ, ಮಣಿಕಟ್ಟಿನಲ್ಲಿ ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಇಲ್ಲಿ ನಡೆಯದು. ಹೃದಯದ ಬಡಿತ ನಿಧಾನಿಸುವ ಡಿಗಾಕ್ಸಿನ್ ಗುಳಿಗೆ ತೆಗೆದುಕೊಳ್ಳುವವರ ನಾಡಿ 60ಕ್ಕಿಂತ ಕಡಿಮೆ ಇದ್ದರೆ ಆ ಹೊತ್ತಿನ ಗುಳಿಗೆ ಕೊಡುವ ಮೊದಲು ವೈದ್ಯರನ್ನು ಕೇಳಿ. ಜೊತೆಗೆ ವಾಕರಿಕೆ, ಊಟ ಸೇರದಿರುವುದು, ಕಣ್ಣಿಗೆ ಹಳದಿ ಹಳದಿ ಕಾಣುವುದು ಇದ್ದರೆ ಅಂದೇ ತೋರಿಸಬೇಕು.

ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಮನೆ ಹೊಕ್ಕಿತು, ಆವಾಗಿನ ಭಯಭಕ್ತಿ ಇನ್ನೂ ಉಳಿದಿದೆ. ಹೃದಯ ರೋಗಿಯಲ್ಲಿ ಅದರ 97 ಯಾವ ಭರವಸೆಯನ್ನೂ ಕೊಡುವುದಿಲ್ಲ. ಹೃದಯಾಘಾತ ಆಗುತ್ತಿರುವಾಗಲೂ 98 ಇರಬಹುದು, ಮೈಯಲ್ಲಿ ನೀರು ಸೇರುವ ಮೊದಲ ದಿನಗಳಲ್ಲೂ 96 ಇರಬಹುದು. ತಣ್ಣಗಿನ ಬೆರಳು, ನೇಲ್ ಪಾಲಿಶ್, ದಟ್ಟ ಮೆಹಂದಿ, ಅಲುಗುವ ಕೈ ಇವೆಲ್ಲ ಲೆಕ್ಕ ಕೆಡಿಸುತ್ತವೆ. ಕಪ್ಪು ಮೈಬಣ್ಣದವರಲ್ಲಿ ಇದ್ದುದಕ್ಕಿಂತ ತುಸು ಹೆಚ್ಚು ತೋರಿಸುವುದೂ ಉಂಟು. ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಅರ್ಧ ನಿಮಿಷ ಕಾದು, ಅಂಕಿ ನಿಂತ ಮೇಲೆ ಓದಿ. ಅದಕ್ಕಿಂತ ಎದೆಯ ಏರಿಳಿತವನ್ನು ಒಂದು ನಿಮಿಷ ಎಣಿಸುವುದು ಹೆಚ್ಚು ಹೇಳುತ್ತದೆ. ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. 24 ದಾಟಿದರೆ, ಒಂದು ವಾಕ್ಯ ಹೇಳಲು ನಡುವೆ ನಿಲ್ಲಬೇಕಾಗಿ ಬಂದರೆ ಆಕ್ಸಿಮೀಟರ್ ಏನು ಹೇಳಿದರೂ ಆಸ್ಪತ್ರೆಗೆ ಹೊರಡಿ.

ಬೆರಳಿಟ್ಟರೆ 30 ಸೆಕೆಂಡಿನಲ್ಲಿ ಇಸಿಜಿ ಕೊಡುವ ಪುಟ್ಟ ಯಂತ್ರಗಳೂ ಬಂದಿವೆ. ಬಡಿತದ ತಾಳ ತಪ್ಪಿದ್ದನ್ನು ಅವು ಚೆನ್ನಾಗಿ ಹಿಡಿಯುತ್ತವೆ. ಹೃದಯಾಘಾತವನ್ನು ತಳ್ಳಿಹಾಕಲು ಅವುಗಳಿಂದ ಆಗದು, ಅದಕ್ಕೆ ಆಸ್ಪತ್ರೆಯಲ್ಲಿ ಕೈಕಾಲಿಗೆ, ಎದೆಗೆ ತಂತಿ ಹಚ್ಚಿ ತೆಗೆಯುವ 12 ಲೀಡಿನ ಇಸಿಜಿಯೇ ಬೇಕು.

ಎದೆನೋವಿನ ಹೊತ್ತಿನಲ್ಲಿ ಈ ಯಾವ ಯಂತ್ರವನ್ನೂ ಹುಡುಕುತ್ತ ಕೂರಬೇಡಿ. ಎದೆ ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಇದ್ದರೆ ಮೊದಲು 108ಕ್ಕೆ ಫೋನ್. ಮಧುಮೇಹ ಇರುವವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ನೋವಿಲ್ಲದೆ ಬರೀ ಸುಸ್ತು, ವಾಕರಿಕೆ, ದಮ್ಮು ಇರಬಹುದು. ಗ್ಯಾಸ್ ಎಂದು ಸೋಡಾ ಕುಡಿಸಿ ತಾಸು ಕಳೆಯಬೇಡಿ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹಾಗಾಗಿ ನೇರ ಮಣಿಪಾಲಕ್ಕೆ ಕಾರು ಓಡಿಸುವುದಕ್ಕಿಂತ ಮೊದಲು ಹತ್ತಿರದ ತಾಲೂಕು ಆಸ್ಪತ್ರೆ. ನೋವು ಎಷ್ಟು ಗಂಟೆಗೆ ಶುರುವಾಯಿತು ಎಂದು ಬರೆದಿಟ್ಟುಕೊಂಡು ಹೋಗಿ, ಚಿಕಿತ್ಸೆ ನಿರ್ಧಾರವಾಗುವುದು ಅದರ ಮೇಲೆ. ನಾಲಿಗೆ ಕೆಳಗಿಡುವ ಎದೆನೋವಿನ ಗುಳಿಗೆ ಸಾರ್ಬಿಟ್ರೇಟ್ ವೈದ್ಯರು ಬರೆದುಕೊಟ್ಟವರಿಗೆ ಮಾತ್ರ, ಅದೂ ಕೂತುಕೊಂಡೇ. ಮೇಲಿನ ಬಿಪಿ 90ಕ್ಕಿಂತ ಕೆಳಗಿದ್ದರೆ ಅಥವಾ ಹಿಂದಿನ 24 ತಾಸಿನಲ್ಲಿ ಸಿಲ್ಡೆನಾಫಿಲ್ (ವಯಾಗ್ರಾ) ತೆಗೆದುಕೊಂಡಿದ್ದರೆ ಅದು ಅಪಾಯ.

ಕಡೆಗೆ ಗುಳಿಗೆ ಡಬ್ಬಿ. ಏಳು ದಿನ, ದಿನಕ್ಕೆ ಮೂರು ಮನೆ ಇರುವ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದೇ, ಮುಚ್ಚಳ ಬಿಗಿಯಾಗಿರಬೇಕು. ನಮ್ಮ ಮಳೆಗಾಲದ ತೇವಕ್ಕೆ ಬಿಚ್ಚಿಟ್ಟ ಆಸ್ಪಿರಿನ್ ಕೆಟ್ಟು ವಿನೆಗರ್ ವಾಸನೆ ಬರುತ್ತದೆ, ಅಂಥದ್ದನ್ನು ಎಸೆಯಿರಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಾಬಿಗಟ್ರಾನ್ ಕ್ಯಾಪ್ಸೂಲನ್ನಂತೂ ಮೂಲ ಪ್ಯಾಕಿನಿಂದ ತೆಗೆದಿಡಲೇಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲ ಗುಳಿಗೆಗಳನ್ನೂ ಹಾಳೆಯ ಸಮೇತ ಕತ್ತರಿಸಿ ಡಬ್ಬಿಗೆ ಹಾಕುವುದು ಲೇಸು, ತಿನ್ನುವಾಗ ಹಾಳೆ ಬಿಡಿಸಿದರೆ ಆಯಿತು. ದಾರಿ ಬಂದ್ ಆಗುವ ಕಾಲವಾದ್ದರಿಂದ ಹದಿನೈದು ದಿನದ ಗುಳಿಗೆ ಮುಂಗಡವಾಗಿ ಮನೆಯಲ್ಲಿರಲಿ.

ಇದೇ ತೇವ, ಉಪ್ಪುಗಾಳಿ ಯಂತ್ರಗಳನ್ನೂ ತಿನ್ನುತ್ತದೆ. ಸೆಲ್ ಸೋರಿ ಸ್ಪ್ರಿಂಗಿನ ಮೇಲೆ ಹಸಿರು-ಬಿಳಿ ಪುಡಿ ಕೂತರೆ ಬಿಪಿ ಮಿಷನ್ ಅರ್ಧಕ್ಕೆ ನಿಲ್ಲುತ್ತದೆ. ದಿನವೂ ಬಳಸದಿದ್ದರೆ ಸೆಲ್ ತೆಗೆದಿಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಪಟ್ಟಿಯ ಅಂಟು ಭಾಗ ಬೂಷ್ಟು ಹಿಡಿದು ಬಿಗಿ ನಿಲ್ಲದಾದರೆ, ಕೊಳವೆ ಬಿರಿದರೆ ಅಂಕಿ ತಪ್ಪುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಅಂಗಡಿಯವರನ್ನು ಕೇಳಿ: ಪಟ್ಟಿ ಬಿಡಿಯಾಗಿ ಸಿಗುತ್ತದೆಯೇ, ಸರ್ವಿಸ್ ಕಾರವಾರದಲ್ಲೋ ಹುಬ್ಬಳ್ಳಿಯಲ್ಲೋ? ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುವಾಗ ಯಂತ್ರವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಅಲ್ಲಿನ ಬಿಪಿಯ ಜೊತೆ ತಾಳೆ ನೋಡಿ. ಮತ್ತೆ ಮತ್ತೆ 5ಕ್ಕಿಂತ ಹೆಚ್ಚು ಫರಕು ಬಂದರೆ ಮೊದಲು ಪಟ್ಟಿ ಬದಲಿಸಿ ನೋಡಿ, ಆಮೇಲೂ ಹಾಗೇ ಇದ್ದರೆ ಯಂತ್ರ.