ಎರಡು ವರ್ಷ ಬಳಸಿದ ಮೇಲೆ: ಫ್ರಾಂಚೈಸಿ ಅಂಗಡಿಗೆ ಇಮೇಲ್ ನ್ಯೂಸ್‌ಲೆಟರ್ ಸರ್ವಿಸ್

ಫುಡ್ ಫ್ರಾಂಚೈಸಿ ತಗೊಂಡು ಎರಡು ತಿಂಗಳಾಗಿತ್ತು, 2023ರ ಡಿಸೆಂಬರ್. ಹೆಡ್ ಆಫೀಸಿನವರ ಜಾಹೀರಾತು ಬ್ರ್ಯಾಂಡಿಗೆ ಹೆಸರು ತರುತ್ತೆ, ನನ್ನ ಬಾಗಿಲಿಗೆ ಜನರನ್ನ ಕರೆಯೋದು ನನ್ನದೇ ಪಾಡು ಅಂತ ಅಷ್ಟೊತ್ತಿಗೆ ಅರ್ಥವಾಗಿತ್ತು. ಆಗ ತಗೊಂಡ, ಗಿರಾಕಿಗಳಿಗೆಲ್ಲ ಒಟ್ಟಿಗೆ ಮೇಲ್ ಕಳಿಸೋ ನ್ಯೂಸ್‌ಲೆಟರ್ ಸರ್ವಿಸನ್ನೇ ಈಗಲೂ ಬಳಸ್ತಿದ್ದೀನಿ. ಕಂಪನಿ ಹೆಸರು ಬೇಡ. ಕೆಳಗೆ ಬೈದಿರೋದರಲ್ಲಿ ಅರ್ಧ ನನ್ನದೇ ತಪ್ಪು.

ಮೊದಲ ಪೆಟ್ಟು ಬಿದ್ದಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿವರೆಗೆ ನನ್ನ ಜಿಮೇಲ್ ವಿಳಾಸದಿಂದಲೇ ಹೋದ ಹಾಗೆ ತೋರಿಸಿ ಕಳಿಸ್ತಿದ್ದೆ. ಆ ತಿಂಗಳಿಂದ ಗೂಗಲ್, ಯಾಹೂ ಎರಡೂ ಕಳಿಸುವವರ ಗುರುತನ್ನ ಬಿಗಿಯಾಗಿ ನೋಡೋಕೆ ಶುರು ಮಾಡಿದವು; ನನ್ನ ಮೇಲ್ ಸ್ಪ್ಯಾಮಿನಲ್ಲಿ ಹೋಗಿ ಕೂತಿತು. ಸ್ವಂತ ಡೊಮೈನ್ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರೋ ಹೆಸರು) ಬೇಕು, ಅದರ ಡಿಎನ್‌ಎಸ್ ಅನ್ನೋ ಸೆಟ್ಟಿಂಗ್ ಪಟ್ಟಿಯಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅನ್ನೋ, ಮೇಲ್ ಕಳಿಸಿದ್ದು ನಾವೇ ಅಂತ ಸಾಬೀತು ಮಾಡೋ ಮೂರು ದಾಖಲೆ ಸೇರಿಸಬೇಕು. ಡೊಮೈನ್ ತನ್ನದೇ ಆಗಿದ್ದವನಿಗೆ ಇದು ದೊಡ್ಡ ಕೆಲಸವಲ್ಲ. ನಮ್ಮಂಥವರಿಗೆ? ಡೊಮೈನ್ ಬ್ರ್ಯಾಂಡಿನದು, ಬೀಗದ ಕೈ ಹೆಡ್ ಆಫೀಸಿನಲ್ಲಿ. ಏಳು ವಾರ ಬೆನ್ನು ಹತ್ತಿದ ಮೇಲೆ ಒಂದು ಸಬ್‌ಡೊಮೈನ್, ಅಂದರೆ ಅದರದೇ ಒಂದು ಕವಲು ಹೆಸರು, ಕೊಟ್ಟರು. ಹೊಸಬರು ಇದನ್ನ ಒಪ್ಪಂದಕ್ಕೆ ಸಹಿ ಹಾಕೋ ಮುಂಚೆಯೇ ಕೇಳಿ. ಫ್ರಾಂಚೈಸಿ ಬಿಟ್ಟ ದಿನ ಗ್ರಾಹಕರ ಲಿಸ್ಟ್ ಯಾರ ಪಾಲಿಗೆ ಅನ್ನೋದನ್ನೂ ಕೇಳಿಬಿಡಿ.

ಟೆಂಪ್ಲೇಟ್‌ಗಳು ಚೆನ್ನಾಗಿವೆ, ಎಳೆದು ಕೂರಿಸಿದರೆ ಮುಗೀತು. ಅದೇ ಸುಲಭ ಒಮ್ಮೆ ಕೈ ಕೊಟ್ಟಿತು. ವರ್ಡ್‌ನಲ್ಲಿ ಬರೆದಿದ್ದನ್ನ ಹಾಗೇ ಅಂಟಿಸಿ, ಕೂಪನ್ ಕೋಡನ್ನ ಕೊನೆಯಲ್ಲಿಟ್ಟು ಕಳಿಸಿದೆ. ಸಂಜೆ ಗಲ್ಲಾದ ಮುಂದೆ ಒಬ್ಬರು ಫೋನ್ ಹಿಡಿದು, 'ಕೋಡ್ ಇದೆ ಅಂತ ಬರೆದಿದ್ದೀರಲ್ಲ ಸರ್, ಎಲ್ಲಿದೆ?' ಅಂದರು. ನಾನೂ ಬೆರಳಲ್ಲಿ ಮೇಲಕ್ಕೆ ತಳ್ಳಿ ತಳ್ಳಿ ನೋಡಿದೆ, ಅರ್ಧಕ್ಕೇ ನಿಂತಿದೆ! ಮೇಲ್ 102 ಕೆಬಿ ದಾಟಿದರೆ ಜಿಮೇಲ್ ಉಳಿದದ್ದನ್ನ ಕತ್ತರಿಸಿ ಒಂದು ಲಿಂಕಿನ ಹಿಂದೆ ಬಚ್ಚಿಡುತ್ತೆ. ಇದು ಫೋಟೋಗಳ ತೂಕವಲ್ಲ, ಒಳಗಿನ ಎಚ್‌ಟಿಎಂಎಲ್ ಕೋಡಿನದು; ವರ್ಡ್ ಅದಕ್ಕೆ ಕಂತೆಗಟ್ಟಲೆ ಕಸ ಸೇರಿಸಿತ್ತು. ಇನ್ನು ಮೇಲ್ ಬೇಡ ಅನ್ನೋಕಿರೋ ಅನ್‌ಸಬ್‌ಸ್ಕ್ರೈಬ್ ಲಿಂಕೂ ಆ ಕೆಳಗಿನ ತುಂಡಲ್ಲೇ ಮಾಯವಾಗಿತ್ತು. ಅದು ಸಿಗದಿದ್ದವರು ಏನು ಮಾಡ್ತಾರೆ? ಸ್ಪ್ಯಾಮ್ ಒತ್ತುತ್ತಾರೆ. ಈ ದೂರು ಸಾವಿರಕ್ಕೆ ಮೂರು ಮುಟ್ಟಬಾರದು ಅನ್ನೋದು ಜಿಮೇಲಿನ ನಿಯಮ. ಕಳಿಸೋ ಮುಂಚೆ ಈ ಸರ್ವಿಸ್ ಒಂದು ಮಾತು ಎಚ್ಚರಿಸಬಹುದಿತ್ತು, ಎಚ್ಚರಿಸಲಿಲ್ಲ. ಈಗ ಕೂಪನ್ ಕೋಡ್ ಮೇಲ್ಗಡೆ, ಮೊದಲ ಸಾಲಿನ ಕೆಳಗೇ.

ಲಿಸ್ಟಿನ ವಿಷಯದಲ್ಲಿ ಪೆದ್ದುತನ ಪೂರ್ತಿ ನನ್ನದು. ಹಳೆ ಮಾಲೀಕರು ಬಿಟ್ಟು ಹೋದ ವಿಳಾಸಗಳನ್ನೆಲ್ಲ ತುಂಬಿಸಿದ್ದೆ, ಬೌನ್ಸ್ ಮೇಲೆ ಬೌನ್ಸ್ (ತಲುಪದೆ ವಾಪಸಾದ ಮೇಲ್) ಬಂದು ಸರ್ವಿಸಿನವರು ಖಾತೆಯನ್ನ ಮೂರು ದಿನ ತಡೆಹಿಡಿದರು. ಕೌಂಟರಿನಲ್ಲಿ ಪುಸ್ತಕ ಇಟ್ಟು ಬರೆಸಿಕೊಂಡರೆ 'ಎ' ಯಾವುದು, 'ಒ' ಯಾವುದು ಗೊತ್ತಾಗ್ತಿರಲಿಲ್ಲ. ಕೊನೆಗೆ ಬಿಲ್ಲಿನ ಕೆಳಗೆ ಕ್ಯೂಆರ್ ಕೋಡ್ ಹಾಕಿಸಿ, ಡಬಲ್ ಆಪ್ಟ್-ಇನ್ ಶುರು ಮಾಡಿದೆ: ವಿಳಾಸ ಕೊಟ್ಟವರು ಮೇಲಿಗೆ ಬಂದ ಲಿಂಕ್ ಒತ್ತಿ ಖಚಿತಪಡಿಸಬೇಕು. ಲಿಸ್ಟ್ ನಿಧಾನ ಬೆಳೀತಿದೆ, ಆದರೆ ಇರೋರು ನಿಜವಾದ ಗಿರಾಕಿಗಳು.

ಓಪನ್ ರೇಟ್, ಅಂದರೆ ಎಷ್ಟು ಜನ ಮೇಲ್ ತೆರೆದರು ಅಂತ ತೋರಿಸೋ ಬಣ್ಣಬಣ್ಣದ ಗ್ರಾಫ್ ನೋಡಿ ಹಿಗ್ಗಬೇಡಿ. ಮೇಲಿನೊಳಗಿನ ಚಿತ್ರ ಇಳಿದರೆ ತೆರೆದ ಹಾಗೆ ಲೆಕ್ಕ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪಿಗೆ ತಂದ ಗೋಪ್ಯತೆ ಸೌಲಭ್ಯ ಆನ್ ಇದ್ದರೆ, ಚಿತ್ರಗಳು ಮೊದಲೇ ಇಳಿದು, ಯಾರೂ ಓದದ ಇಮೇಲ್ ಕೂಡ 'ಓಪನ್' ಅಂತ ಲೆಕ್ಕಕ್ಕೆ ಸೇರಬಹುದು. ನಾನು ಎಣಿಸೋದು ಗಲ್ಲಾದಲ್ಲಿ ಬಿದ್ದ ಕೂಪನ್ ಮಾತ್ರ. ಪ್ರತಿ ಮೇಲಿಗೆ ಬೇರೆ ಕೋಡ್ ಕೊಟ್ಟರೆ ಅಷ್ಟೇ ಸಾಕು.

ಆಟೊಮೇಶನ್, ಎಐ ಬರಹ ಎಲ್ಲ ಇದೆ, ಮುಟ್ಟಿಲ್ಲ. ದೊಡ್ಡ ತಕರಾರು ಒಂದೇ: ಅನ್‌ಸಬ್‌ಸ್ಕ್ರೈಬ್ ಆದವರನ್ನೂ ಲೆಕ್ಕ ಹಿಡಿದು ದುಡ್ಡು ಕೀಳ್ತಾರೆ. ಅವರನ್ನ ನಾವೇ ಆರ್ಕೈವ್ ಮಾಡಿ ಲೆಕ್ಕದಿಂದ ಪಕ್ಕಕ್ಕಿಡಬೇಕು, ಆ ಬಟನ್ ಮೂರು ಮೆನು ಒಳಗೆ ಅಡಗಿದೆ. ಮೊನ್ನೆ ಕೂತು ಎಲ್ಲ ಗುಡಿಸಿದೆ. ಮುಂದಿನ ತಿಂಗಳು ರಿನ್ಯೂ ಮಾಡಿಸ್ತೀನಿ, ಒಂದು ಪ್ಲಾನ್ ಕೆಳಕ್ಕೆ ಇಳಿದು.