ಡೆಮೊ ಬೈಕಿನಲ್ಲಿ ಕಚ್ಚಾ ದಾರಿಗೆ ಇಳಿಯುವ ಮುನ್ನ

ಹಗುರವಾದ ಅಡ್ವೆಂಚರ್ ಬೈಕು ಕೊಳ್ಳುವ ಆಲೋಚನೆಯಲ್ಲಿರುವವರು, ಅದರಲ್ಲೂ ಡಾಂಬರು ರಸ್ತೆ ಮತ್ತು ಕಚ್ಚಾ ದಾರಿ ಎರಡರಲ್ಲೂ ಓಡಿಸಿ ನೋಡಲು ಮಾರಾಟಗಾರರು ಏರ್ಪಡಿಸುವ ಟೆಸ್ಟ್ ರೈಡ್‌ಗೆ ಹೆಸರು ಕೊಟ್ಟಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೋರುತ್ತೇನೆ. ಅಂಥದೊಂದು ಸವಾರಿಯಲ್ಲಿ ನನ್ನ ಕಾಲಿಗೆ ಪೆಟ್ಟಾಯಿತು, ಬೈಕಿನ ರೇಡಿಯೇಟರ್ ಸೋರಿತು, ಅದರ ಮೇಲೆ ಆ ಬೈಕಿಗೆ ಅದುವರೆಗೆ ಆಗಿದ್ದ ಹಾನಿಯನ್ನೂ ಸೇರಿಸಿ ನನ್ನ ಕೈಗೆ ಬಿಲ್ಲು ಕೊಟ್ಟರು. ಮಾರಾಟಗಾರರ ಹೆಸರನ್ನಾಗಲಿ, ಬೈಕಿನ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಬೈಕಿನ ವಿನ್ಯಾಸದಲ್ಲಿ ತಪ್ಪಿರಲಿಲ್ಲ. ಅದನ್ನು ದಾರಿಗೆ ತಕ್ಕಂತೆ ಸಿದ್ಧಪಡಿಸದೆ ಸವಾರರ ಕೈಗೆ ಕೊಟ್ಟದ್ದು ತಪ್ಪು, ಮತ್ತು ಈ ತಪ್ಪು ಯಾವ ಕಂಪನಿಯ ಬೈಕಿನ ವಿಷಯದಲ್ಲಿಯೂ ನಡೆಯಬಹುದು.

ಹಗುರ ಬೈಕು ಎಂದರೆ ಬಿದ್ದರೂ ಏನೂ ಆಗುವುದಿಲ್ಲ ಎಂಬ ಧೈರ್ಯವನ್ನು ಮಾರಾಟದವರು ಮೊದಲೇ ತುಂಬಿಬಿಡುತ್ತಾರೆ. ಈ ಹೆಸರಿನಡಿ ಬರುವ ಬೈಕುಗಳ ತೂಕ ಎಷ್ಟು ಬೇರೆಬೇರೆ ಎಂಬುದನ್ನು ನೋಡಿದರೆ ಆ ಧೈರ್ಯ ಕರಗುತ್ತದೆ. ಪೆಟ್ರೋಲು, ಎಣ್ಣೆ ಎಲ್ಲ ಸೇರಿ ಹೋಂಡಾ ಸಿಆರ್‌ಎಫ್300ಎಲ್ ಸುಮಾರು 142 ಕಿಲೋ ತೂಗಿದರೆ, ಹೀರೋ ಎಕ್ಸ್‌ಪಲ್ಸ್ 200 ಸುಮಾರು 158 ಕಿಲೋ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸುಮಾರು 196 ಕಿಲೋ ತೂಗುತ್ತದೆ. 250 ಕಿಲೋ ಮುಟ್ಟುವ ದೊಡ್ಡ ಬೈಕುಗಳ ಮುಂದೆ ಇವೆಲ್ಲ ಹಗುರವೇ, ನಿಜ. ಆದರೆ ಇಳಿಜಾರಿನಲ್ಲಿ ಜಾರಿ ಕಾಲಿನ ಮೇಲೆ ಬಿದ್ದಾಗ ಇವುಗಳಲ್ಲಿ ಯಾವುದೂ ಹಗುರವೆನಿಸುವುದಿಲ್ಲ. ಕೆಲವೆಡೆ ಪೆಟ್ರೋಲು ಮೊದಲಾದ ದ್ರವಗಳನ್ನು ಬಿಟ್ಟ ಒಣ ತೂಕವನ್ನಷ್ಟೇ ಹೇಳುತ್ತಾರೆ. ಪೆಟ್ರೋಲು ಲೀಟರಿಗೆ ಮುಕ್ಕಾಲು ಕಿಲೋದಷ್ಟು ತೂಗುವುದರಿಂದ ತುಂಬಿದ 14 ಲೀಟರ್ ಟ್ಯಾಂಕೊಂದೇ 10 ಕಿಲೋಗೂ ಹೆಚ್ಚಾಗುತ್ತದೆ, ಅದೂ ಬೈಕಿನ ಮೇಲ್ಭಾಗದಲ್ಲಿ.

ನನಗೆ ಕೊಟ್ಟ ಬೈಕನ್ನು ಹೊರಡುವ ಮೊದಲೇ ಸುತ್ತಿ ನೋಡಿದ್ದೆ. ಕ್ಲಚ್ ಲಿವರಿನ ತುದಿಯ ಗುಂಡು ಮುರಿದು ಹೋಗಿತ್ತು. ಮುರಿದ ಜಾಗವನ್ನು ಅರದಿಂದ ಉಜ್ಜಿ ನಯಗೊಳಿಸಿದ್ದರಿಂದ ದೂರದಿಂದ ನೋಡುವವರಿಗೆ ಅದು ಗಿಡ್ಡ ಲಿವರ್ ಎನಿಸುತ್ತಿತ್ತು. ಎಡಗಡೆಯ ಫುಟ್‌ಪೆಗ್ಗಿನ, ಅಂದರೆ ಸವಾರ ಪಾದ ಊರುವ ಮಡಚುವ ಕಡ್ಡಿಯ, ಸ್ಪ್ರಿಂಗು ಸೋತಿದ್ದು, ಮಡಚಿ ಬಿಟ್ಟರೆ ಪೆಗ್ಗು ತಾನಾಗಿ ಮರಳದೆ ಓರೆಯಾಗಿ ನಿಲ್ಲುತ್ತಿತ್ತು. ಮುಂದಿನ ಚಕ್ರವನ್ನು ನೇರವಾಗಿಟ್ಟರೆ ಹ್ಯಾಂಡಲ್ಲು ಬಲಕ್ಕೆ ತಿರುಗಿರುತ್ತಿತ್ತು. ಬೈಕು ಹಿಂದೆ ಬಿದ್ದಿದೆ, ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆಗಳು ಕ್ಲಾಂಪಿನಲ್ಲಿ ತುಸು ತಿರುಚಿಕೊಂಡಿವೆ ಎಂಬುದಕ್ಕೆ ಇದು ಸ್ಪಷ್ಟ ಗುರುತು. ಕ್ಲಾಂಪಿನ ಬೋಲ್ಟುಗಳನ್ನು ಸಡಿಲಿಸಿ, ಚಕ್ರವನ್ನು ನೇರಮಾಡಿ, ಕಂಪನಿ ಹೇಳಿದ ಬಿಗಿತಕ್ಕೆ ಮತ್ತೆ ಬಿಗಿದರೆ ಮುಗಿಯುವ ಕೆಲಸ. ಇದನ್ನೆಲ್ಲ ಸಿಬ್ಬಂದಿಗೆ ತೋರಿಸಿದಾಗ, ಮುಂದಿನ ಸರ್ವಿಸಿನಲ್ಲಿ ಸರಿಮಾಡುತ್ತೇವೆ, ಓಡಿಸಲು ಏನೂ ತೊಂದರೆಯಿಲ್ಲ ಎಂದರು. ಫೋಟೊಗಳನ್ನು ತೆಗೆದುಕೊಂಡದ್ದು ಮುಂದೆ ನನ್ನನ್ನು ಉಳಿಸಿತು. ಸುಮ್ಮನೆ ಬೈಕಿನ ಅಂದ ಹಿಡಿಯುವ ಫೋಟೊ ಸಾಲದು. ಲಿವರಿನ ತುದಿ, ಎರಡೂ ಪೆಗ್ಗುಗಳು, ಎಂಜಿನ್ ಕೆಳಗಿನ ತಗಡು, ರೇಡಿಯೇಟರಿನ ಎರಡು ಮಗ್ಗುಲು, ರಿಮ್ಮಿನ ಅಂಚು ಇವುಗಳ ಹತ್ತಿರದ ಚಿತ್ರಗಳು ಬೇಕು, ಮತ್ತು ಅವನ್ನು ಹೊರಡುವ ಮೊದಲೇ ಅವರ ಫೋನಿಗೆ ಕಳುಹಿಸಿರಬೇಕು.

ಟಯರಿನ ಗಾಳಿಯ ವಿಷಯದಲ್ಲಿಯೂ ಇದೇ ಉದಾಸೀನ ಕಂಡಿತು. ಡಾಂಬರಿಗೆ ಬೇಕಾದ ಒತ್ತಡದಲ್ಲಿಯೇ ಜಲ್ಲಿಯ ಮೇಲೆ ಹೋದರೆ ಗಟ್ಟಿಯಾದ ಟಯರು ಕಲ್ಲನ್ನು ತಬ್ಬಿಕೊಳ್ಳದೆ ಅದರ ಮೇಲಿಂದ ಪುಟಿದು ಜಾರುತ್ತದೆ. ಈ ತೂಕದ ಬೈಕುಗಳಲ್ಲಿ ಕಚ್ಚಾ ದಾರಿಗೆ ಇಳಿಯುವಾಗ ಸವಾರರು ಸಾಮಾನ್ಯವಾಗಿ 20 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸಿಗೆ ಇಳಿಸಿಕೊಂಡು, ಡಾಂಬರಿಗೆ ಮರಳಿದ ಕೂಡಲೇ ಮತ್ತೆ ತುಂಬಿಸುತ್ತಾರೆ. ಕಲ್ಲು ಚೂಪಾಗಿದ್ದರೆ ರಿಮ್ಮು ತಗ್ಗಾಗದಂತೆ ಸ್ವಲ್ಪ ಹೆಚ್ಚಿಡುತ್ತಾರೆ. ಗಾಳಿ ಇಳಿಸಿಕೊಡಿ ಎಂದು ಕೇಳಿದ್ದಕ್ಕೆ, ಮರಳಿ ತುಂಬಿಸಲು ಪಂಪು ತಂದಿಲ್ಲ ಎಂಬ ಉತ್ತರ ಬಂತು. ಕಚ್ಚಾ ದಾರಿಯ ಟೆಸ್ಟ್ ರೈಡ್ ಎಂದು ಜಾಹೀರು ಮಾಡಿ ಒಂದು ಪಂಪನ್ನೂ ತಾರದೆ ಬರುವುದನ್ನು ನಾನು ಸಣ್ಣ ಲೋಪವೆಂದು ಒಪ್ಪಲಾರೆ.

ಚೈನನ್ನು ಮುಟ್ಟಿ ನೋಡಿದಾಗ ಅದು ಬಿಗಿಯಾಗಿತ್ತು. ಉದ್ದ ಸಸ್ಪೆನ್ಷನ್ ಇರುವ ಬೈಕಿನಲ್ಲಿ ಇದು ಗಂಭೀರ ವಿಷಯ, ಏಕೆಂದರೆ ಚೈನು ಸುತ್ತುವ ಮುಂದಿನ ಹಲ್ಲುಚಕ್ರವಾದ ಸ್ಪ್ರಾಕೆಟ್, ಹಿಂಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮಿನ ತಿರುಗಣೆ ಮತ್ತು ಹಿಂಚಕ್ರದ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ಅಂತರ ಅತಿ ಹೆಚ್ಚಾಗುತ್ತದೆ. ಸ್ಟ್ಯಾಂಡಿನ ಮೇಲೆ ನಿಂತಾಗಲೇ ಬಿಗಿಯಾಗಿರುವ ಚೈನು, ಸವಾರ ಕುಳಿತು ಗುಂಡಿಗೆ ಇಳಿದಾಗ ತಂತಿಯಂತೆ ಸೆಟೆದುಕೊಂಡು ಸಸ್ಪೆನ್ಷನ್ನನ್ನೇ ಕೆಲಸ ಮಾಡಗೊಡುವುದಿಲ್ಲ. ಗೇರ್‌ಬಾಕ್ಸಿನ ಬೇರಿಂಗಿಗೂ ಅದರಿಂದ ಹೊಡೆತ. ಎಷ್ಟು ಸಡಿಲ ಇರಬೇಕು ಎಂಬುದನ್ನು ಹೆಚ್ಚಿನ ಬೈಕುಗಳಲ್ಲಿ ಸ್ವಿಂಗ್ ಆರ್ಮಿನ ಮೇಲೆ ಅಂಟಿಸಿದ ಚೀಟಿಯಲ್ಲಿಯೇ ಬರೆದಿರುತ್ತಾರೆ, ಬಗ್ಗಿ ಓದಿದರೆ ಸಾಕು.

ರಸ್ತೆಯ ಭಾಗ ಹೇಗೋ ಕಳೆಯಿತು. ತಿರುಚಿದ ಫೋರ್ಕಿನಿಂದಾಗಿ ತಿರುವುಗಳಲ್ಲಿ ಒಂದು ಕಡೆಗೆ ಸಲೀಸು, ಇನ್ನೊಂದು ಕಡೆಗೆ ಹಿಂಜರಿಕೆ ಎನ್ನುವಂತಿತ್ತು.

ಕಚ್ಚಾ ದಾರಿಯ ತಲೆಯಲ್ಲಿ ನಿಲ್ಲಿಸಿ, ಜೊತೆಗೆ ಬಂದಿದ್ದ ಸಿಬ್ಬಂದಿ ಬ್ರೇಕು ಒತ್ತಿದಾಗ ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರದಂತೆ ತಡೆಯುವ ಎಬಿಎಸ್ ಅನ್ನು ಹಿಂಚಕ್ರಕ್ಕೆ ತಾವೇ ಆಫ್ ಮಾಡಿಕೊಟ್ಟರು. ಸಡಿಲ ಜಲ್ಲಿಯ ಇಳಿಜಾರಿನಲ್ಲಿ ಇದು ಏಕೆ ಬೇಕು ಎಂಬುದನ್ನು ಹೊಸಬರಿಗಾಗಿ ಹೇಳುತ್ತೇನೆ. ಡಾಂಬರಿನಲ್ಲಿ ಎಬಿಎಸ್ ಜೀವ ಉಳಿಸುವ ಸಾಧನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಲ್ಲಿಯ ಮೇಲೆ ಚಕ್ರ ತಿರುಗದೆ ತುಸು ಕಚ್ಚಿಕೊಂಡಾಗ ಅದರ ಮುಂದೆ ಕಲ್ಲುಮಣ್ಣು ಗುಡ್ಡೆಯಾಗಿ ಸೇರಿ, ಆ ಗುಡ್ಡೆಯೇ ವೇಗವನ್ನು ತಗ್ಗಿಸುತ್ತದೆ. ಎಬಿಎಸ್ ಚಕ್ರವನ್ನು ಕಚ್ಚಲು ಬಿಡದೆ ಬ್ರೇಕನ್ನು ಮತ್ತೆ ಮತ್ತೆ ಸಡಿಲಿಸುವುದರಿಂದ ಆ ಗುಡ್ಡೆ ಕಟ್ಟಿಕೊಳ್ಳುವುದೇ ಇಲ್ಲ. ಉಬ್ಬುತಗ್ಗಿನ ಮೇಲೆ ಚಕ್ರ ಕ್ಷಣಕಾಲ ನೆಲ ಬಿಟ್ಟರೂ ಅದನ್ನು ಜಾರಿಕೆಯೆಂದು ತಿಳಿದು ಬ್ರೇಕನ್ನು ಬಿಟ್ಟುಕೊಡುತ್ತದೆ. ಕಡಿದಾದ ಇಳಿಜಾರಿನಲ್ಲಿ ಇದರ ಪರಿಣಾಮವೆಂದರೆ ಪೆಡಲ್ಲು ಕಾಲಡಿಯಲ್ಲಿ ಟಕಟಕನೆ ಅದುರುತ್ತದೆ, ಬೈಕು ಮಾತ್ರ ನಿಲ್ಲದೆ ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದಲೇ ಈ ಬಗೆಯ ಬೈಕುಗಳಲ್ಲಿ ಹಿಂಚಕ್ರದ ಎಬಿಎಸ್ ಆಫ್ ಮಾಡುವ ಅವಕಾಶ ಕೊಟ್ಟಿರುತ್ತಾರೆ, ಮುಂಚಕ್ರದ್ದು ಬಹುತೇಕ ಹಾಗೆಯೇ ಉಳಿಯುತ್ತದೆ.

ಒಮ್ಮೆ ಆಫ್ ಮಾಡಿದರೆ ಇಡೀ ಸವಾರಿಗೆ ಹಾಗೆಯೇ ಇರುತ್ತದೆಯೇ ಎಂದು ನಾನು ಕೇಳಿದೆ. ಇರುತ್ತದೆ ಎಂದರು. ಆ ಉತ್ತರ ತಪ್ಪಾಗಿತ್ತು. ಅನೇಕ ಬೈಕುಗಳಲ್ಲಿ ಕೀ ತಿರುಗಿಸಿ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸುರಕ್ಷತೆಯ ದೃಷ್ಟಿಯಿಂದ ಎಬಿಎಸ್ ತಾನಾಗಿ ಪೂರ್ಣ ಸ್ಥಿತಿಗೆ ಮರಳುತ್ತದೆ. ಎಂಜಿನ್ ಬರೇ ಬಂದಾಗಿ ಸ್ಟಾರ್ಟರ್ ಒತ್ತಿದರೆ ಸೆಟ್ಟಿಂಗು ಉಳಿಯಬಹುದು, ಕೀ ಆಫ್ ಮಾಡಿದರೆ ಹೋಗಬಹುದು, ಹ್ಯಾಂಡಲ್ಲಿನ ಮೇಲಿರುವ, ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನಲ್ಲಿ ಒಂದೊಂದು ಬೈಕಿಗೆ ಒಂದೊಂದು ರೀತಿ. ಇದನ್ನು ಬೈಕು ಕೊಡುವವರು ತಿಳಿದಿರಲೇಬೇಕು. ದಿಬ್ಬದ ಮೇಲೆ ಇತರರಿಗಾಗಿ ಕಾಯುವಾಗ ರೇಡಿಯೇಟರಿನ ಫ್ಯಾನು ಜೋರಾಗಿ ತಿರುಗುತ್ತಿದ್ದುದನ್ನು ನೋಡಿ, ಕೀ ಆಫ್ ಮಾಡಿ ತಣಿಯಲಿ ಎಂದು ಹೇಳಿದವರೂ ಅವರೇ. ಮತ್ತೆ ಹೊರಟಾಗ ಮೀಟರಿನ ಗಾಜಿನ ಮೇಲೆ ಎದುರು ಬಿಸಿಲು ಬಿದ್ದಿತ್ತು. ಎಬಿಎಸ್ ದೀಪ ಉರಿಯುತ್ತಿದೆಯೋ ಆರಿದೆಯೋ ಎಂಬುದು ಆ ಬೆಳಕಿನಲ್ಲಿ ಕಾಣುವಂತಿರಲಿಲ್ಲ.

ಕೆಳಗಿನ ತಿರುವಿನಲ್ಲಿ ಮೊದಲ ಗೇರಿನಲ್ಲಿ, ಪೆಗ್ಗುಗಳ ಮೇಲೆ ನಿಂತು, ಭಾರವನ್ನು ಹಿಂದಕ್ಕೆ ಹಾಕಿ ಇಳಿಯುತ್ತಿದ್ದೆ. ಹಿಂದಿನ ಬ್ರೇಕನ್ನು ಒತ್ತಿದ ಕೂಡಲೇ ಪೆಡಲ್ಲು ಅದುರತೊಡಗಿತು, ವೇಗ ತಗ್ಗಲಿಲ್ಲ. ಗಟ್ಟಿಯಾಗಿ ಉಬ್ಬಿದ ಟಯರು ಮುಷ್ಟಿಗಾತ್ರದ ಕಲ್ಲೊಂದರಿಂದ ಪುಟಿದು ಪಕ್ಕಕ್ಕೆ ಸರಿಯಿತು. ಎಡಗಾಲನ್ನು ಊರಿ ಸಂಭಾಳಿಸಿಕೊಂಡು ಮತ್ತೆ ಪೆಗ್ಗಿಗೆ ಏರಿಸಬೇಕೆಂದರೆ, ಸ್ಪ್ರಿಂಗು ಸೋತ ಆ ಪೆಗ್ಗು ಮಡಚಿಕೊಂಡೇ ಇತ್ತು. ಬೈಕು ಎಡಕ್ಕೆ ಬಿದ್ದು ನನ್ನ ಪಾದವನ್ನು ಅಡಿಗೆ ಸಿಕ್ಕಿಸಿಕೊಂಡು ಚರಂಡಿಯ ಅಂಚಿನ ಕಲ್ಲಿಗೆ ಹೋಗಿ ತಾಗಿತು. ರೇಡಿಯೇಟರಿನಿಂದ ಹಸಿರು ಕೂಲಂಟ್ ಜಲ್ಲಿಯ ಮೇಲೆ ಹರಿಯುತ್ತಿತ್ತು. ಗಿಣ್ಣಿನವರೆಗೆ ಗಟ್ಟಿ ರಕ್ಷಣೆಯಿರುವ ಬೂಟು ಹಾಕಿದ್ದರಿಂದ ಮೂಳೆ ಮುರಿಯಲಿಲ್ಲ, ಆದರೆ ಗಿಣ್ಣಿನ ಲಿಗಮೆಂಟ್ ಹರಿದು ಬಹಳ ಕಾಲ ಗೇರು ಏರಿಸುವುದೇ ನೋವಾಗಿತ್ತು. ನಡೆದಾಡುವ ಶೂ ಹಾಕಿ ಬಂದಿದ್ದ ಇತರ ಕೆಲವರನ್ನೂ ಅದೇ ಇಳಿಜಾರಿಗೆ ಇಳಿಸಿದ್ದರು ಎಂಬುದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನಂತರ ಬಂದದ್ದು ಬಿಲ್ಲು. ಬೆಳಿಗ್ಗೆ ಸಾಲಿನಲ್ಲಿ ನಿಲ್ಲಿಸಿಕೊಂಡು ಸಹಿ ಮಾಡಿಸಿಕೊಂಡಿದ್ದ ಮುಚ್ಚಳಿಕೆಯಲ್ಲಿ, ವಾಹನಕ್ಕೆ ಆಗುವ ಯಾವುದೇ ಹಾನಿಗೆ ಸವಾರನೇ ಹೊಣೆ ಎಂಬ ಸಾಲಿತ್ತು. ಆ ಸಾಲನ್ನು ಹಿಡಿದು, ಒಡೆದ ರೇಡಿಯೇಟರಿನ ಜೊತೆಗೆ ಕ್ಲಚ್ ಲಿವರು, ಫೋರ್ಕಿನ ಜೋಡಣೆ, ಎಡ ಪೆಗ್ಗಿನ ಪೂರ್ತಿ ಸೆಟ್ಟು ಎಲ್ಲವನ್ನೂ ನನ್ನ ಲೆಕ್ಕಕ್ಕೆ ಬರೆದರು. ವಿಮೆ ಇದೆಯಲ್ಲವೇ ಎಂದು ಕೇಳಿದಾಗ, ರಸ್ತೆಯಿಂದ ಆಚೆ ನಡೆದ ಅಪಘಾತ ತಮ್ಮ ಪಾಲಿಸಿಯಲ್ಲಿ ಬರುವುದಿಲ್ಲ ಎಂದರು. ಹಾಗಿದ್ದ ಮೇಲೆ ಕಚ್ಚಾ ದಾರಿಗೆ ಕರೆದೊಯ್ಯುವಾಗಲೇ ಅದನ್ನು ಹೇಳಬೇಕಿತ್ತು. ಬೆಳಗಿನ ಫೋಟೊಗಳನ್ನು ಮುಂದಿಟ್ಟ ಮೇಲೆ ಲಿವರು, ಪೆಗ್ಗು, ಫೋರ್ಕಿನ ಮೊತ್ತವನ್ನು ಬಿಟ್ಟರು. ರೇಡಿಯೇಟರಿಗಾಗಿ ಮಾಲೀಕರ ಕೈಪಿಡಿಯಲ್ಲಿ ಎಬಿಎಸ್ ಮರುಹೊಂದಿಕೆಯ ಬಗ್ಗೆ ಇರುವ ಪುಟವನ್ನು ತೆಗೆದು ತೋರಿಸಿ, ಸಿಬ್ಬಂದಿ ಕೊಟ್ಟ ತಪ್ಪು ಮಾಹಿತಿಯನ್ನು ಬರವಣಿಗೆಯಲ್ಲಿ ತಿಳಿಸಬೇಕಾಯಿತು. ಅರ್ಧ ಮೊತ್ತಕ್ಕೆ ಒಪ್ಪಂದವಾಯಿತು. ನನ್ನ ಚಿಕಿತ್ಸೆಯ ಖರ್ಚಿನ ಮಾತನ್ನು ಅವರು ಕೊನೆಯವರೆಗೂ ಎತ್ತಲಿಲ್ಲ.

ಇನ್ನೊಂದು ನಷ್ಟವಿದೆ, ಅದು ಬಿಲ್ಲಿನಲ್ಲಿ ಕಾಣದು. ಇಂಥ ಬೈಕು ನನಗೆ ಆಗದು ಎಂದು ಆ ಸವಾರಿಯ ಮೇಲೆ ನಾನು ತೀರ್ಮಾನಿಸಿದ್ದೆ. ಕಾಲು ಸುಧಾರಿಸಿದ ಮೇಲೆ ಗೆಳೆಯರೊಬ್ಬರು ಅದೇ ಮಾದರಿಯ ತಮ್ಮ ಬೈಕನ್ನು ಕೊಟ್ಟರು. ಫೋರ್ಕು ನೇರವಾಗಿತ್ತು, ಗಾಳಿ ಇಳಿಸಿತ್ತು, ನನ್ನ ತೂಕಕ್ಕೆ ಹಿಂದಿನ ಸ್ಪ್ರಿಂಗಿನ ಪ್ರೀಲೋಡನ್ನು, ಅಂದರೆ ಅದರ ಮೊದಲ ಬಿಗಿತವನ್ನು, ಹೊಂದಿಸಿ, ಕುಳಿತಾಗ ಸಸ್ಪೆನ್ಷನ್ ತನ್ನ ಪಯಣದ ಮೂರನೇ ಒಂದು ಭಾಗದಷ್ಟು ಕುಸಿಯುವಂತೆ ಮಾಡಿದ್ದರು. ತಿರುವಿನಲ್ಲಿದ್ದ ಹಿಂಜರಿಕೆ ಮಾಯವಾಗಿತ್ತು, ನಿಂತು ಓಡಿಸುವಾಗ ಹಿಂಚಕ್ರ ಎಲ್ಲಿದೆ ಎಂಬುದು ಅಂಗಾಲಿಗೇ ತಿಳಿಯುತ್ತಿತ್ತು. ಕೆಟ್ಟ ಡೆಮೊ ಬೈಕು ಒಳ್ಳೆಯ ಬೈಕನ್ನು ಬೇಡವೆನಿಸುವಂತೆ ಮಾಡುತ್ತದೆ. ಅದೇ ರೀತಿ, ಪರೀಕ್ಷೆಗೆಂದೇ ಒಳ್ಳೆಯ ಟಯರು ಹಾಕಿ ಅಣಿಗೊಳಿಸಿದ ಬೈಕು, ಶೋರೂಮಿನಿಂದ ಬರುವ ಟಯರಿನ ಬೈಕಿನ ಬಗ್ಗೆ ಹುಸಿ ಭರವಸೆಯನ್ನೂ ಮೂಡಿಸಬಲ್ಲದು. ಹಾಕಿರುವುದು ಕಂಪನಿಯ ಟಯರೇ ಎಂದು ಕೇಳಲು ಮರೆಯಬೇಡಿ.

ಮುಂದೆ ಹೋಗುವವರು ಇಷ್ಟನ್ನಾದರೂ ಮಾಡಬೇಕೆಂದು ಬಯಸುತ್ತೇನೆ. ಮುಚ್ಚಳಿಕೆಯನ್ನು ಹಿಂದಿನ ದಿನವೇ ತರಿಸಿಕೊಂಡು ಓದಿ. ಕಚ್ಚಾ ದಾರಿಯಲ್ಲಿ ವಿಮೆ ಅನ್ವಯಿಸುತ್ತದೆಯೇ, ಸವಾರನ ಹೊಣೆಗೆ ಮಿತಿ ಇದೆಯೇ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆಯಿರಿ. ಸ್ವಂತದ ಗಾಳಿಯ ಮಾಪಕವನ್ನೂ ಚಿಕ್ಕ ಪಂಪನ್ನೂ ಒಯ್ಯಿರಿ. ಎಬಿಎಸ್ ಆಫ್ ಮಾಡಿದ ಮೇಲೆ ಸಮತಟ್ಟಾದ ಜಲ್ಲಿಯಲ್ಲಿ, ನಡಿಗೆಯ ವೇಗಕ್ಕಿಂತ ತುಸು ಹೆಚ್ಚಿನಲ್ಲಿ ಹಿಂಬ್ರೇಕನ್ನು ಒತ್ತಿ, ಚಕ್ರ ಕಚ್ಚಿ ಗೆರೆ ಎಳೆಯುತ್ತದೆಯೇ ಎಂದು ನೋಡಿ. ಕೀ ಮುಟ್ಟಿದಾಗಲೆಲ್ಲ, ಇಳಿಜಾರಿಗೆ ಮೊದಲು, ಇದನ್ನು ಮತ್ತೊಮ್ಮೆ ಮಾಡಿ. ಡಾಂಬರಿಗೆ ಹಿಂತಿರುಗುವಾಗ ಎಬಿಎಸ್ ಆನ್ ಆಗಿದೆಯೇ ಎಂಬುದನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ಹ್ಯಾಂಡಲ್ಲು ಓರೆಯಿರುವ ಬೈಕನ್ನು ಕೊಟ್ಟರೆ ಬೇರೆ ಬೈಕು ಕೇಳಿ, ಇಲ್ಲವೆಂದರೆ ರಸ್ತೆಯಲ್ಲಷ್ಟೇ ಓಡಿಸಿ ಕೀ ಹಿಂತಿರುಗಿಸಿ. ಕಚ್ಚಾ ದಾರಿಯ ಪರೀಕ್ಷೆಗೆ ಅದೇ ಮಾದರಿಯ ಬೈಕಿರುವ ಪರಿಚಿತರೊಬ್ಬರನ್ನು ಹುಡುಕಿಕೊಳ್ಳುವುದು ತಡವಾದರೂ ಮೇಲು.