ಪೂರ್ಣ ಹಲ್ಲಿನ ಸೆಟ್ಟು: ಎರಡು ಮಳೆಗಾಲ ಕಳೆದ ನಂತರದ ಅಭಿಪ್ರಾಯ

ಎರಡೂ ದವಡೆಗಳಲ್ಲಿ ಉಳಿದಿದ್ದ ಹಲ್ಲುಗಳನ್ನು ಕೀಳಿಸಿ, ಮಂಗಳೂರಿನ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಅಕ್ರಿಲಿಕ್‌ನ ಪೂರ್ಣ ಸೆಟ್ಟು ಮಾಡಿಸಿಕೊಂಡು ಈಗ ಎರಡು ಮಳೆಗಾಲ ಕಳೆದಿವೆ. ಮೇಲಿನ ಸೆಟ್ಟಿನ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಕೆಳಗಿನದರ ಬಗ್ಗೆ ಅಷ್ಟು ನಿಸ್ಸಂಕೋಚವಾಗಿ ಹೇಳಲಾರೆ.

ಈ ವ್ಯತ್ಯಾಸಕ್ಕೆ ಕಾರಣವಿದೆ. ಮೇಲಿನ ಸೆಟ್ಟು ಅಂಗುಳವನ್ನೆಲ್ಲ ಆವರಿಸಿ, ನಡುವಿನ ಎಂಜಲಿನ ತೆಳುಪದರದ ಬಲದಿಂದ ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಅಷ್ಟು ಜಾಗವಿಲ್ಲದಿರುವುದರಿಂದಲೂ, ನಾಲಿಗೆ ಅದನ್ನು ಸದಾ ದೂಡುತ್ತಿರುವುದರಿಂದಲೂ, ಕೆನ್ನೆ ಮತ್ತು ನಾಲಿಗೆಯ ಸ್ನಾಯುಗಳು ಅದನ್ನು ಹಿಡಿದಿಡಲು ಕಲಿಯುವವರೆಗೆ ಅದು ಮಾತಿನ ನಡುವೆ ಎದ್ದೇಳುತ್ತಲೇ ಇರುತ್ತದೆ. ಆರಂಭದ ದಿನಗಳಲ್ಲಿ ಬಾಯಿಯಲ್ಲಿ ಎಂಜಲು ತುಂಬಿಕೊಳ್ಳುತ್ತಿತ್ತು, 'ಸ', 'ಶ' ಸ್ಪಷ್ಟವಾಗುತ್ತಿರಲಿಲ್ಲ. ಬೆಳಿಗ್ಗೆ ಉದಯವಾಣಿಯನ್ನು ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿಕೊಂಡ ಮೇಲೆ ಉಚ್ಚಾರ ತಿಳಿಯಾಯಿತು.

ಸೆಟ್ಟು ಒತ್ತಿ ವಸಡಿನಲ್ಲಾದ ಗಾಯಕ್ಕೆ ವೈದ್ಯರು ಮಾಡಿದ ಉಪಾಯವನ್ನು ಇಲ್ಲಿ ವಿವರಿಸಲೇಬೇಕು. ಅವರು ಸೆಟ್ಟಿನ ಒಳಮೈಗೆ ಬಿಳಿಯ ಪೇಸ್ಟನ್ನು ತೆಳ್ಳಗೆ ಸವರಿ, ಬಾಯಿಗಿಟ್ಟು ಒತ್ತಿ ತೆಗೆದರು. ಪೇಸ್ಟು ಅಳಿಸಿಹೋಗಿ ಗುಲಾಬಿ ಬಣ್ಣ ಕಾಣಿಸಿದ ಜಾಗವೇ ಒತ್ತುವ ಜಾಗ. ಅಲ್ಲಿ ಮಾತ್ರ ಸ್ವಲ್ಪ ಉಜ್ಜಿದರು. ನೋವಿದೆಯೆಂದು ಸೆಟ್ಟನ್ನು ದಿನಗಟ್ಟಲೆ ತೆಗೆದಿಟ್ಟು ಹೋದರೆ ವಸಡಿನ ಕೆಂಪು ಮಾಯವಾಗಿ ಅವರಿಗೆ ಜಾಗ ಗುರುತಿಸಲು ಕಷ್ಟವಾಗುತ್ತದೆ. ಆದ್ದರಿಂದ ಭೇಟಿಗೆ ಮುಂಚೆ ಸ್ವಲ್ಪ ಹೊತ್ತು ಹಾಕಿಕೊಂಡಿರಬೇಕು. ಮನೆಯಲ್ಲಿ ಅರದಿಂದ ಉಜ್ಜುವ ಸಾಹಸವಂತೂ ಬೇಡವೇ ಬೇಡ.

ಕರಾವಳಿಯವರಿಗೆ ಊಟದ ವಿಷಯ ಬೇರೆಯೇ. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಪುಂಡಿ ಬೇಗ ಒಗ್ಗುತ್ತವೆ. ಕೋರಿ ರೊಟ್ಟಿಯನ್ನು ಸಾರಿನಲ್ಲಿ ಚೆನ್ನಾಗಿ ನೆನೆಸಿ ತಿನ್ನಬಹುದು. ಮುಂಬಲ್ಲಿನಿಂದ ಕಚ್ಚಿ ಎಳೆದರೆ ಮೇಲಿನ ಸೆಟ್ಟಿನ ಹಿಂಭಾಗ ಕಳಚುತ್ತದೆ. ಸಣ್ಣ ತುಂಡು ಮಾಡಿ ಎರಡೂ ಬದಿಗಳಲ್ಲಿ ಒಟ್ಟಿಗೆ ಅಗಿಯಬೇಕು. ಆದರೆ ನನ್ನನ್ನು ಹೆಚ್ಚು ಎಚ್ಚರದಲ್ಲಿರಿಸಿದ್ದು ಮೀನು. ಅಂಗುಳ ಮುಚ್ಚಿಕೊಂಡಿರುವುದರಿಂದ ಬೂತಾಯಿಯ ಸಣ್ಣ ಮುಳ್ಳು ಬಾಯಿಗೆ ತಿಳಿಯುವುದೇ ಇಲ್ಲ, ಗಂಟಲಿಗೆ ಹೋದ ಮೇಲಷ್ಟೇ ಗೊತ್ತಾಗುತ್ತದೆ. ಈಗ ತಟ್ಟೆಯಲ್ಲೇ ಬೆರಳಿನಿಂದ ಮುಳ್ಳು ಬಿಡಿಸಿಯೇ ತಿನ್ನುತ್ತೇನೆ. ಬಿಸಿಯೂ ಹಾಗೆಯೇ: ಗಂಜಿಯ ಕಾವನ್ನು ಮೊದಲು ತುಟಿಗೆ ತಾಗಿಸಿ ನೋಡಬೇಕು.

ಶುಚಿ ಮಾಡುವುದು ಸುಲಭ. ಮೃದುವಾದ ಬ್ರಷ್ಷು ಮತ್ತು ಪಾತ್ರೆ ತೊಳೆಯುವ ಸೌಮ್ಯ ದ್ರವ ಸಾಕು. ಟೂತ್‌ಪೇಸ್ಟು ಗೀರು ಮೂಡಿಸುತ್ತದೆ, ಕುದಿನೀರು ಆಕಾರ ಕೆಡಿಸುತ್ತದೆ. ರಾತ್ರಿ ತೆಗೆದು ನೀರಿನಲ್ಲಿಡಬೇಕು. ಹಾಕಿಕೊಂಡೇ ಮಲಗುವವರಿಗೆ ಅಂಗುಳದಲ್ಲಿ ಶಿಲೀಂಧ್ರದ ಸೋಂಕು ತಗಲುವ ಸಂಭವ ಹೆಚ್ಚು.

ನನ್ನ ದೂರು ಒಂದೇ. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಕರಗುತ್ತಲೇ ಹೋಗುತ್ತದೆ, ಅದರಲ್ಲೂ ಮೊದಲ ವರ್ಷ ಹೆಚ್ಚು. ಹೀಗಾಗಿ ಸರಿಯಾಗಿ ಕೂರುತ್ತಿದ್ದ ಸೆಟ್ಟು ತಿಂಗಳುಗಳಲ್ಲೇ ಸಡಿಲವಾಗುವುದು ಸಹಜ. ಒಳಮೈಗೆ ಹೊಸ ಪದರ ಕೊಡುವ ರಿಲೈನಿಂಗ್ ಆಗಬೇಕಾಗುತ್ತದೆ. ಇದು ಮೊದಲೇ ತಿಳಿದ ಸಂಗತಿಯಾಗಿದ್ದರೂ ಚಿಕಿತ್ಸಾಲಯ ಕೊಟ್ಟ ಅಂದಾಜು ಪಟ್ಟಿಯಲ್ಲಿ ಅದರ ಉಲ್ಲೇಖವಿರಲಿಲ್ಲ, ಬಿಲ್ಲು ಬೇರೆಯೇ ಬಂತು. ಹಿರಿಯರು ಪಿಂಚಣಿಯ ಹಣದಲ್ಲಿ ಮಾಡಿಸಿಕೊಳ್ಳುವ ಕೆಲಸವಿದು. ಇಂಥ ಮೌನ ಸಲ್ಲದು. ಸೆಟ್ಟಿನ ದರ ಕೇಳುವಾಗಲೇ ತಿದ್ದುವ ಭೇಟಿಗಳು ಮತ್ತು ರಿಲೈನಿಂಗ್ ಅದರಲ್ಲಿ ಸೇರಿವೆಯೇ ಎಂದು ಬರೆಸಿಕೊಳ್ಳಿ. ಪದೇಪದೇ ಓಡಾಡಲು ಸಮಯವಿದ್ದವರು ಮಣಿಪಾಲ ಅಥವಾ ದೇರಳಕಟ್ಟೆಯ ದಂತ ಕಾಲೇಜುಗಳಲ್ಲಿಯೂ ವಿಚಾರಿಸಬಹುದು.

ರಿಲೈನಿಂಗ್ ಆದ ಬಳಿಕ ಮೇಲಿನದು ಗಟ್ಟಿಯಾಗಿದೆ. ಕೆಳಗಿನದರ ಕೊರತೆ ಮಾತ್ರ ಉಳಿದಿದೆ. ಕೆಳದವಡೆಗೆ ಎರಡು ಇಂಪ್ಲಾಂಟ್‌ಗಳ (ಮೂಳೆಯೊಳಗೆ ಕೂರಿಸುವ ಲೋಹದ ತಿರುಪುಗಳ) ಆಧಾರದ ಸೆಟ್ಟೇ ಮೊದಲ ಆಯ್ಕೆಯಾಗಬೇಕೆಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲೇ ಅಭಿಪ್ರಾಯಪಟ್ಟಿದ್ದರು. ಮೂಳೆಯ ಎಕ್ಸ್‌ರೇ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿ, ಆ ಬಗ್ಗೆ ಮುಂದಿನ ಭೇಟಿಯಲ್ಲಿ ವೈದ್ಯರೊಡನೆ ಮಾತನಾಡಲಿದ್ದೇನೆ.